ಮಾತಱಿವನೆಂಬ ಹಳೆಯ ಪದವಿ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಅಚ್ಚಿಗೆ ತಂದ ಮೇಲೆ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವ ಪದ್ಯವು ನಮ್ಮ ಸಭೆಗಳಲ್ಲಿ ಮಂಗಳಾಚರಣೆಯಂತೆಯೇ ಆಗಿಹೋಗಿದೆ. ಅದೇ ಪ್ರಥಮ ಪರಿಚ್ಛೇದದಲ್ಲಿ, ಅದಕ್ಕಿಂತಲೂ ಮೊದಲೇ ಬರುವ ಇನ್ನೊಂದು ವಿಚಾರದ ಕಡೆಗೆ ವಾಚಕರ ದೃಷ್ಟಿ ಅಷ್ಟಾಗಿ ಹರಿದಂತೆ ತೋರುವುದಿಲ್ಲ. ಗ್ರಂಥಕಾರನು (ಅವನು ಶ್ರೀವಿಜಯನೆಂಬುದು ಈಗ ಬಹುಮಂದಿ ವಿದ್ವಾಂಸರಿಗೆ ಸಮ್ಮತ) ಅಲ್ಲಿ ಮಾತಿನ ಸಾಮರ್ಥ್ಯಕ್ಕೆ ನಾಲ್ಕು ಮೆಟ್ಟಿಲುಗಳನ್ನು ಕಟ್ಟಿ, ಒಂದೊಂದು ಮೆಟ್ಟಿಲಿನವನಿಗೂ ಒಂದೊಂದು ಹೆಸರಿಟ್ಟಿದ್ದಾನೆ.

ತಾನು ಮನಸ್ಸಿನಲ್ಲಿ ನೆನೆದುದನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವನು ‘ಮಾತಱಿವಂ’. ಕಿರಿದಾದ ಮಾತಿನಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನು ಅವನಿಗಿಂತ ‘ನಿಪುಣಂ’. ಆ ಮಾತನ್ನೇ ಛಂದಸ್ಸಿನಲ್ಲಿ ಹೊಂದಿಸಬಲ್ಲವನು ‘ಜಾಣಂ’. ತಡೆಯಿಲ್ಲದೆ ಮಹಾಕೃತಿಗಳನ್ನು ರಚಿಸಬಲ್ಲವನು ಎಲ್ಲರಿಗಿಂತಲೂ ‘ಬಲ್ಲಂ’.

ಈ ಹೆಸರುಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಒಂದು ಸ್ವಾರಸ್ಯವುಂಟು. ಮಾತಱಿವ ಮತ್ತು ಬಲ್ಲ ಎಂಬುವು ಅಚ್ಚಗನ್ನಡದವು; ನಿಪುಣವು ತತ್ಸಮ; ಜಾಣವು ತದ್ಭವ. ಸಕ್ಕದವನ್ನೂ ಕನ್ನಡವನ್ನೂ ಸಮಾಸದಲ್ಲಿ ವಿವೇಕವಿಲ್ಲದೆ ಬೆರಸುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬಿಟ್ಟಂತೆಂದು ಹಳಿದವನೂ ಇವನೇ. ಆದರೂ ಇಲ್ಲಿ ಮೂರು ಕುಲದ ಶಬ್ದಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾನೆ, ಹಾಲು ಒಡೆದಿಲ್ಲ. ಶಬ್ದದ ಕುಲವನ್ನು ವಿಚಾರಿಸಿ ಶೈಲಿಯ ತಿಳಿವನ್ನು ನಿರ್ಣಯಿಸಹೊರಡುವವರು, ಅವರು ಯಾವ ಪಕ್ಷದವರೇ ಆಗಲಿ, ಇದನ್ನು ಪರಾಂಬರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮೊದಲನೆಯ ಹೆಸರು. ‘ಅಱಿ’ ಎಂದರೆ ತಿಳಿದುಕೊಳ್ಳುವುದು. ‘ಅಱಿಪು’ ಎಂದರೆ ತಿಳಿಯುವಂತೆ ಮಾಡುವುದು. ಮಾತನ್ನು ಅಱಿತವನು ಯಾರು ಎಂಬ ಪ್ರಶ್ನೆಗೆ, ಅಱಿಪಬಲ್ಲವನು ಎಂಬುದೇ ಗ್ರಂಥಕಾರನ ಉತ್ತರ. ನನಗೆ ಗೊತ್ತಿದೆ, ಹೇಳಲು ಬರುವುದಿಲ್ಲವೆಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಯನ್ನು ಉಪಾಧ್ಯಾಯರೆಲ್ಲರೂ ಕಂಡಿರುತ್ತಾರೆ. ಈ ಲಕ್ಷಣದ ಪ್ರಕಾರ ಅವನು ಇನ್ನೂ ಮೆಟ್ಟಿಲನ್ನೇ ಹತ್ತಿಲ್ಲ. ಛಂದಸ್ಸಾಗಲಿ ಅಲಂಕಾರವಾಗಲಿ ಇಲ್ಲಿ ಬೇಕಾಗಿಲ್ಲ. ಕೇಳುವವನೊಬ್ಬನು ಬೇಕು, ಅವನಿಗೆ ತಿಳಿಯಬೇಕು. ಮಹಾಕವಿಯೂ ಈ ಸಾಮಾನ್ಯನೂ ಒಂದೇ ಏಣಿಯ ಮೇಲೆ ನಿಂತಿದ್ದಾರೆಂಬುದನ್ನು ಮರೆಯಲಾಗದು.

ಸಂಸ್ಕೃತದಲ್ಲಿ ಇದಕ್ಕೆ ಸಮನಾದ ಶಬ್ದವನ್ನು ಹುಡುಕಿದರೆ ‘ವಾಗ್ಮಿ’ ಎಂಬುದು ಮೊದಲು ನೆನಪಿಗೆ ಬರುತ್ತದೆ. ಭಗವಾನ್ ಪಾಣಿನಿಯು ಐದನೆಯ ಅಧ್ಯಾಯದಲ್ಲಿ ವಾಕ್ ಶಬ್ದದ ಮೇಲೆ ಗ್ಮಿನಿ ಪ್ರತ್ಯಯವನ್ನು ವಿಧಿಸಿ ಇದನ್ನು ಸಾಧಿಸುತ್ತಾನೆ. ಮರುಸೂತ್ರದಲ್ಲಿಯೇ ಆಲಚ್, ಆಟಚ್ ಪ್ರತ್ಯಯಗಳಿಂದ ‘ವಾಚಾಲ’, ‘ವಾಚಾಟ’ ಎಂಬುವನ್ನು ಬಹುಭಾಷಿಗೆ ಹೇಳುತ್ತಾನೆ. ಕೆಟ್ಟದ್ದಾಗಿ ಬಹಳ ಆಡುವವನಿಗೇ ಇವು ಸಲ್ಲತಕ್ಕುವೆಂದು ವ್ಯಾಖ್ಯಾನಕಾರರು ಬಿಗಿಮಾಡಿದ್ದಾರೆ. ಸೊಗಸಾಗಿ ಆಡುವವನಿಗೂ ಹರಟೆಮಲ್ಲನಿಗೂ ನಡುವೆ ಒಂದೇ ಸೂತ್ರದ ಅಂತರ! ಆದರೆ ವಾಗ್ಮಿ ಎಂಬಲ್ಲಿ ಆಡುವವನ ಪಟುತ್ವವೇ ಮುಂದಾಗಿ ಕಾಣುತ್ತದೆ. ಕೇಳುವವನ ತಿಳಿವು ಮಾತಱಿವ ಎಂಬಲ್ಲಿರುವಷ್ಟು ಎದ್ದು ಕಾಣುವುದಿಲ್ಲ.

ಕೇಳುವವನ ಕಡೆಯಿಂದ ನೋಡಿದ ಶಬ್ದ ಸಂಸ್ಕೃತದಲ್ಲಿ ಇಲ್ಲದಿಲ್ಲ. ಅದು ಆಲಂಕಾರಿಕರ ‘ಪ್ರಸಾದ’. ದಂಡಿಯು ಪ್ರಸಿದ್ಧವಾದ ಅರ್ಥವುಳ್ಳ ಮಾತೇ ಪ್ರಸಾದಗುಣವುಳ್ಳದ್ದೆಂದು ಹೇಳಿ, ಗೌಡರು ಚಂದ್ರನೆನ್ನುವುದಕ್ಕೆ ‘ವಲಕ್ಷಗು’ ಎಂಬಂತಹ ಶಬ್ದವನ್ನು ಹಾಕುವುದನ್ನು ಎದುರಿಗೆ ತೋರಿಸುತ್ತಾನೆ. ವಲಕ್ಷವೆಂದರೆ ಬಿಳಿದು, ಗು ಎಂದರೆ ಕಿರಣ. ವ್ಯುತ್ಪತ್ತಿ ನಿರ್ದುಷ್ಟ, ಆದರೆ ಬಿಡಿಸಿ ಮುಗಿಸುವ ವೇಳೆಗೆ ಚಂದ್ರನು ಮುಳುಗಿರುತ್ತಾನೆ. ಮಮ್ಮಟನು ಪ್ರಸಾದಕ್ಕೆ ಒಣಗಿದ ಸೌದೆಯನ್ನು ವ್ಯಾಪಿಸುವ ಬೆಂಕಿಯನ್ನೂ ತಿಳಿನೀರನ್ನೂ ಹೋಲಿಕೆ ಕೊಟ್ಟನು. ನೀರಿನ ಸಂಬಂಧ ಹೊಸದೇನಲ್ಲ. ‘ಪ್ರಸನ್ನ’ ಶಬ್ದವನ್ನು ಅಮರಸಿಂಹನು ಓದಿರುವುದು ವಾರಿವರ್ಗದಲ್ಲಿ. ಕದಡಿದ ಕೆಸರು ತಳಕ್ಕೆ ಕುಳಿತ ಮೇಲೆ ಉಳಿಯುವ ನೀರಿನ ಸ್ಥಿತಿಯೇ ಪ್ರಸನ್ನತೆ. ನಮ್ಮ ಕನ್ನಡದ ‘ತಿಳಿ’ಯೂ ಹೀಗೆಯೇ: ಕೊಳದ ನೀರೂ ತಿಳಿಯಾಗುತ್ತದೆ, ಪಾಠವೂ ತಿಳಿಯುತ್ತದೆ, ಅಡಿಗೆಯ ಮನೆಯಲ್ಲಿ ಸಾರಿಗೂ ತಿಳಿಯುಂಟು. ಎರಡು ಭಾಷೆಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕೊಳದ ದಡದಲ್ಲಿ ನಿಂತಿರುವುದನ್ನು ಕಂಡಾಗ ನನಗಂತೂ ಪರಮಸಂತೋಷವಾಗುತ್ತದೆ.

ಈ ನಾಡಿನ ಜನರನ್ನು ಹೊಗಳುವಾಗ ಅದೇ ಮಾರ್ಗಕಾರನು ಬಳಸಿದ ‘ಪದನ್’ ಎಂಬುದೂ ಹೀಗೆ ಮನೆಹೊಲಗಳ ಮಾತೇ, ಇಂದಿನ ‘ಹದ’. ಉಳುವ ನೆಲಕ್ಕೂ ಬೇಯುವ ಪಾಕಕ್ಕೂ ಇರತಕ್ಕ ಹದವು ಆಡುವ ಮಾತಿಗೂ ಇರಬೇಕೆಂದಾಯಿತು.

ಆ ನಾಲ್ಕು ಹೆಸರುಗಳ ಮುಂದಿನ ಗತಿ ವಿಚಿತ್ರವಾಗಿದೆ. ನಿಪುಣನು ನಾನಾ ಕಸುಬುಗಳಿಗೆ ಹಂಚಿಹೋದನು. ಜಾಣನಿಗೆ ಛಂದಸ್ಸಿನ ಸಂಪರ್ಕ ತಪ್ಪಿ, ಲೆಕ್ಕವನ್ನು ಬೇಗ ಮಾಡುವ ಹುಡುಗನೂ ವ್ಯಾಪಾರದಲ್ಲಿ ಮೋಸಹೋಗದವನೂ ಜಾಣರಾದರು. ಬಲ್ಲವನು ಗೌರವ ಕಳೆದುಕೊಳ್ಳದೆ ಉಳಿದನು. ಮಾತಱಿವನು ಮಾತ್ರ ಬಳಕೆಯಿಂದಲೇ ಜಾರಿಹೋದನು. ಅವನ ಪೀಠದಲ್ಲಿ ಕುಳಿತಿರುವ ‘ಮಾತುಗಾರ’ನನ್ನು ಹೊಗಳುವಾಗಲೂ ಜನರು ಸ್ವಲ್ಪ ನಗುತ್ತಾರೆ.

ಹೆಸರು ಹೋದರೂ ಕೆಲಸ ಬಂದೇ ಬಂದಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದಾಗ ಅವರಿಗೆ ಬೇಕಾಗಿದ್ದುದು ಜಾಣನೂ ಅಲ್ಲ, ಬಲ್ಲನೂ ಅಲ್ಲ, ಶಾಸ್ತ್ರದ ವಿಷಯವನ್ನು ಇಂಗ್ಲಿಷನ್ನರಿಯದವನಿಗೆ ಅಱಿಪಬಲ್ಲವನು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. 1936ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದಿಂದ ಅದೇ ಕೆಲಸವನ್ನು ಮಕ್ಕಳ ಮಟ್ಟಿಗೆ ಹೊತ್ತರು. ಇಂತಹ ಬರವಣಿಗೆಯನ್ನು ಕಾವ್ಯಕ್ಕಿಂತ ಕೆಳಗಿನದೆಂದು ಎಣಿಸುವವರುಂಟು. ಮಾರ್ಗಕಾರನ ಏಣಿಯಲ್ಲಿಯೂ ಅದು ಕೆಳಗಿನದೇ ಸರಿ. ಆದರೆ ಮಿಕ್ಕ ಮೂರು ಮೆಟ್ಟಿಲುಗಳು ಊರಿ ನಿಂತಿರುವುದು ಅದರ ಮೇಲೆ.

‘ಅಱಿಪು’ ಎಂಬುದು ‘ಅರುಹು’ ಆಗಿ ಈಗ ಹಾಡುಗಬ್ಬಗಳಲ್ಲಿ ಮಾತ್ರ ಅಲ್ಲಲ್ಲಿ ಕಾಣಸಿಗುತ್ತದೆ. ಅದರ ಒಡಹುಟ್ಟಾದ ‘ಅರಿಕೆ’ಯಾದರೋ ಬಿನ್ನಹದ ಅರ್ಥವನ್ನು ತಳೆದು, ನಮ್ಮ ಗ್ರಂಥಕರ್ತರ ಮುನ್ನುಡಿಗಳಿಗೆ ತಲೆಬರಹವಾಗಿ ನಿಂತಿದೆ. ಆ ತಲೆಬರಹದ ಕೆಳಗಿರುವುದೆಲ್ಲವೂ ಅರಿವಾಗುವಂತೆಯೇ ಇರುತ್ತದೆಯೋ ಇಲ್ಲವೋ, ಅದನ್ನು ವಾಚಕಮಹಾಶಯರು ನನಗಿಂತ ಚೆನ್ನಾಗಿ ಬಲ್ಲರು.