ನವೋದಯದ 80 ಸೀಟು: ಉಮರ್ಗಾ, ನಿಲಂಗಾ, ಉದ್ಗೀರ್ ಮಕ್ಕಳ ಆರನೇ ತರಗತಿ ಪ್ರವೇಶದ ಲೆಕ್ಕ

ಉಮರ್ಗಾದಿಂದ ಗಡಿ ದಾಟಿದರೆ ಬಸವಕಲ್ಯಾಣ. ಅದೇ ತಾಲೂಕಿನ ನಾರಾಯಣಪುರದಲ್ಲಿ ಬೀದರ್ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. ಶಾಲೆ ಎಷ್ಟೇ ಹತ್ತಿರವಿದ್ದರೂ ಉಮರ್ಗಾದ ಮಗುವಿಗೆ ಅಲ್ಲಿ ಸೀಟಿಲ್ಲ. ಅದು ಅರ್ಜಿ ಹಾಕಬೇಕಾದ್ದು ಧಾರಾಶಿವ ಜಿಲ್ಲೆಯ, ಅಂದರೆ ಹಿಂದಿನ ಉಸ್ಮಾನಾಬಾದಿನ, ತುಳಜಾಪುರದ ನವೋದಯಕ್ಕೆ. ನಿಲಂಗಾ ಮತ್ತು ಉದ್ಗೀರಿನ ಮಕ್ಕಳಿಗೆ ಲಾತೂರ್ ಜಿಲ್ಲೆಯ ನವೋದಯ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಜೇಶ್ವರದ ಹುಡುಗನಿಗೆ ಮುಡಿಪು ಎಷ್ಟು ಹತ್ತಿರವಿದ್ದರೂ ಅವನು ಹೋಗಬೇಕಾದ್ದು ಕಾಸರಗೋಡು ಜಿಲ್ಲೆಯ ಪೆರಿಯಕ್ಕೇ.

ಉದ್ಗೀರ್, ನಿಲಂಗಾ ತಾಲೂಕುಗಳು 1956ರ ತನಕ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ವಿಂಗಡಣೆಯಲ್ಲಿ ಅವು ಮರಾಠಿ ಭಾಗಕ್ಕೆ ಸೇರಿದವು. 1982ರಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರ್ ಜಿಲ್ಲೆ ಮಾಡಿದಾಗ ಮತ್ತೊಂದು ಗೆರೆ ಬಿತ್ತು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಗಡಿಹಳ್ಳಿಗಳಲ್ಲಿ ಕನ್ನಡ, ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಇಲ್ಲಿದ್ದಾರೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಬಂದಾಗ ಈ ಭಾಷೆಗಳೂ ಈ ಗೆರೆಗಳೂ ಎರಡೂ ಲೆಕ್ಕಕ್ಕೆ ಬರುತ್ತವೆ.

ನವೋದಯಗಳು ಹುಟ್ಟಿದ್ದು 1985-86ರಲ್ಲಿ. ಮೊದಲ ಎರಡರಲ್ಲಿ ಒಂದು ಹರಿಯಾಣದ ಝಜ್ಜರ್‌ನಲ್ಲಿ, ಇನ್ನೊಂದು ಮಹಾರಾಷ್ಟ್ರದ ಅಮರಾವತಿಯಲ್ಲಿ. ಹಳ್ಳಿಯ ಜಾಣ ಮಕ್ಕಳಿಗೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವನ್ನೂ ಸರಕಾರವೇ ಕೊಟ್ಟು 12ನೇ ತರಗತಿವರೆಗೆ ಓದಿಸುವುದು ಉದ್ದೇಶ. 9ನೇ ತರಗತಿಯಿಂದ ತಿಂಗಳಿಗೆ 600 ರೂ. ವಿಕಾಸ ನಿಧಿ ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕೂಲಿ ಮಾಡುವ, ಗ್ಯಾರೇಜ್ ಇಟ್ಟುಕೊಂಡಿರುವ ತಂದೆತಾಯಿಗೆ ಇದು ಸಣ್ಣ ಮಾತಲ್ಲ. ಆದರೆ ಒಂದು ಶಾಲೆಯಲ್ಲಿ ಆರನೇ ತರಗತಿಗೆ ಇರುವುದು ಹೆಚ್ಚೆಂದರೆ 80 ಸೀಟು, ಅದೂ ಇಡೀ ಜಿಲ್ಲೆಗೆ.

ಪರೀಕ್ಷೆ ಎರಡು ಗಂಟೆಯದ್ದು. 80 ಪ್ರಶ್ನೆ, 100 ಅಂಕ. ಇದರಲ್ಲಿ 40 ಪ್ರಶ್ನೆ ಬುದ್ಧಿಮತ್ತೆಯದ್ದು (50 ಅಂಕ), 20 ಅಂಕಗಣಿತದ್ದು (25 ಅಂಕ), 20 ಭಾಷೆಯದ್ದು (25 ಅಂಕ). ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಬುದ್ಧಿಮತ್ತೆಯ ಪ್ರಶ್ನೆಗಳು ಪೂರ್ತಿ ಚಿತ್ರಗಳಲ್ಲೇ ಇರುತ್ತವೆ: ಗುಂಪಿಗೆ ಸೇರದ ಚಿತ್ರ ಹುಡುಕುವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆಂದು ಹೇಳುವುದು, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ಏನಾಗುತ್ತದೆಂದು ಊಹಿಸುವುದು. ಇಲ್ಲಿ ಮರಾಠಿಯೂ ಬೇಡ, ಉರ್ದುವೂ ಬೇಡ. ಮನೆಮಾತು ಬೇರೆ, ಶಾಲೆಯ ಮಾತು ಬೇರೆ ಆಗಿರುವ ಮಗುವಿಗೆ ಪತ್ರಿಕೆಯ ಅರ್ಧ ಭಾಗ ಭಾಷೆಯ ಹಂಗಿಲ್ಲದೆ ಸಿಗುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ಗಮನಿಸಿಯೇ ಇಲ್ಲ, ಗಣಿತವೊಂದನ್ನೇ ಉರು ಹೊಡೆಸುತ್ತಾರೆ.

ಹಾಗಂತ ಗಣಿತ ಹಗುರವಲ್ಲ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಶೇಕಡಾ, ಲಾಭ-ನಷ್ಟ, ವೇಗ-ದೂರ, ವಿಸ್ತೀರ್ಣ ಎಲ್ಲ ಬರುತ್ತವೆ. ಲೆಕ್ಕ ಕಷ್ಟವಿರುವುದಿಲ್ಲ, ಮಾತಿನಲ್ಲಿ ಕೊಕ್ಕೆ ಇರುತ್ತದೆ. ಲಾತೂರ್ ಸೀಮೆಯ ಮಕ್ಕಳಿಗೆ ಗೊತ್ತಿರುವ ತೊಗರಿಯನ್ನೇ ತೆಗೆದುಕೊಳ್ಳೋಣ. ಒಬ್ಬ ವ್ಯಾಪಾರಿ ಕಿಲೋಗೆ 90 ರೂ.ನಂತೆ 40 ಕಿಲೋ ತೊಗರಿಬೇಳೆ ಕೊಂಡ, 2 ಕಿಲೋ ಹಾಳಾಯಿತು, ಉಳಿದದ್ದನ್ನು ಕಿಲೋಗೆ 100ರಂತೆ ಮಾರಿದ, ಲಾಭ ಎಷ್ಟು? ಅವಸರದ ಹುಡುಗ ಕಿಲೋಗೆ 10 ರೂ. ಲಾಭ ಎಂದು 40ರಿಂದ ಗುಣಿಸಿ 400 ಅನ್ನುತ್ತಾನೆ. ಇನ್ನೊಬ್ಬ 38ರಿಂದ ಗುಣಿಸಿ 380 ಅನ್ನುತ್ತಾನೆ. ಕೊಂಡದ್ದು 3,600ಕ್ಕೆ, ಮಾರಿದ್ದು 3,800ಕ್ಕೆ, ಲಾಭ 200 ಮಾತ್ರ. ಇಂಥ ಪ್ರಶ್ನೆಯ ಆಯ್ಕೆಗಳಲ್ಲಿ 400, 380 ಎರಡೂ ಇರುತ್ತವೆ, ಆಸೆ ತೋರಿಸಲಿಕ್ಕೆ.

ಆದರೆ ಈ ಭಾಗದ ಮಕ್ಕಳು ಸೀಟು ಕಳೆದುಕೊಳ್ಳುವುದು ಲೆಕ್ಕ ತಪ್ಪಿ ಮಾತ್ರ ಅಲ್ಲ. ಪರೀಕ್ಷೆಗೆ ಎರಡು ವರ್ಷ ಮೊದಲೇ, ಮನೆಯವರ ಒಂದು ತೀರ್ಮಾನದಿಂದಲೂ ಕಳೆದುಕೊಳ್ಳುತ್ತಾರೆ. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎನ್ನಿಸಿಕೊಳ್ಳಲು 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ದಾಖಲಾಗಿದ್ದರೂ ಆ ಮಗು ನಗರದ ಅಭ್ಯರ್ಥಿ. ಉಮರ್ಗಾ, ನಿಲಂಗಾ, ಉದ್ಗೀರ್ ಮೂರೂ ನಗರ ಪರಿಷತ್ ಇರುವ ಊರುಗಳು. "ಹಳ್ಳಿ ಶಾಲೆಯಲ್ಲಿ ಏನಿದೆ, ಉದ್ಗೀರಿಗೆ ಹಾಕಿದ್ರೆ ಹುಷಾರಾಗ್ತಾನೆ" ಎಂದು ಮೂರನೆಗೋ ನಾಲ್ಕನೆಗೋ ಮಗನನ್ನು ಪಟ್ಟಣಕ್ಕೆ ತಂದವರು, ಕನಿಷ್ಠ 60 ಸೀಟಿನ ಸಾಲಿನಿಂದ ಅವನನ್ನು ಎಬ್ಬಿಸಿ ಹೆಚ್ಚೆಂದರೆ 20 ಸೀಟಿನ ಸಾಲಿನಲ್ಲಿ ನಿಲ್ಲಿಸಿದಂತೆ. ಆ 20ರಲ್ಲೂ ಹಳ್ಳಿ ಮಕ್ಕಳಿಗೆ ಪಾಲಿದೆ.

ಎರಡನೇ ತಪ್ಪು ಜಿಲ್ಲೆಯದ್ದು. ಕೋಚಿಂಗ್ ಅಂದರೆ ಲಾತೂರ್ ಎಂಬ ಮಾತು ಮರಾಠವಾಡದಲ್ಲಿ ಹಳೆಯದು, 'ಲಾತೂರ್ ಪ್ಯಾಟರ್ನ್' ಎಂಬ ಹೆಸರೇ ಬಿದ್ದಿದೆ. ಅದು ಬೆಳೆದದ್ದು 12ನೇ ತರಗತಿಯ ಬೋರ್ಡ್, ವೈದ್ಯಕೀಯ, ಎಂಜಿನಿಯರಿಂಗ್ ಪರೀಕ್ಷೆಗಳ ತಯಾರಿಯಲ್ಲಿ. ಈಗ ಐದನೇ ತರಗತಿ ಮಕ್ಕಳನ್ನೂ ಅಲ್ಲಿಗೆ ಕಳಿಸುವವರಿದ್ದಾರೆ. ಆದರೆ ನವೋದಯಕ್ಕೆ ಮಗು ಯಾವ ಜಿಲ್ಲೆಯ ಖಾಯಂ ನಿವಾಸಿಯೋ ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಉಮರ್ಗಾದ ಮಗು ಐದನೇ ತರಗತಿಗೆ ಲಾತೂರಿನ ಶಾಲೆ ಸೇರಿ, ಮನೆ ಉಮರ್ಗಾದಲ್ಲೇ ಉಳಿದರೆ ಧಾರಾಶಿವದ ಹಕ್ಕು ಹೋಗುತ್ತದೆ, ಲಾತೂರಿನದು ಬರುವುದಿಲ್ಲ. ಇನ್ನೊಂದು ವರ್ಷ ನೋಡೋಣ ಅನ್ನುವಂತೆಯೂ ಇಲ್ಲ, ಆರನೇ ತರಗತಿಯ ಈ ಪರೀಕ್ಷೆಯನ್ನು ಎರಡನೇ ಸಲ ಬರೆಯಲು ಅವಕಾಶವೇ ಇಲ್ಲ.

ಧರ್ಮದ ಆಧಾರದಲ್ಲಿ ಮೀಸಲಾತಿ ಇಲ್ಲ. 2021-22ರಿಂದ ಹಿಂದುಳಿದ ವರ್ಗಕ್ಕೆ ಶೇ. 27 ಸೀಟು ಇದೆ, ಮುಸ್ಲಿಮರಲ್ಲಿ ಹಲವು ಸಮುದಾಯಗಳು ಇದರಡಿ ಬರುತ್ತವೆ. ಆದರೆ ನೋಡುವುದು ಕೇಂದ್ರದ ಪಟ್ಟಿಯನ್ನು. ರಾಜ್ಯದ ಪಟ್ಟಿಯಲ್ಲಿ ಹೆಸರಿದೆ ಎಂದು ಆ ಪ್ರಮಾಣಪತ್ರ ಹಿಡಿದುಕೊಂಡು ಹೋದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳಬಹುದು. ತಹಶೀಲ್ ಕಚೇರಿಯ ಕೆಲಸ ಫಲಿತಾಂಶ ಬಂದ ಮೇಲೆ ಅಲ್ಲ, ಅರ್ಜಿ ಹಾಕುವಾಗಲೇ ಶುರುವಾಗಬೇಕು. ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗಿದೆ. ಹಾಸ್ಟೆಲಿಗೆ ಕಳಿಸಲು ಹಿಂಜರಿದು ಅರ್ಜಿಯನ್ನೇ ಹಾಕದ ಮನೆಗಳು ಈ ಲೆಕ್ಕವನ್ನೂ ನೋಡಬೇಕು.

ಇನ್ನು ಸ್ಪರ್ಧೆಗಳ ಪದಕದ ವಿಷಯ. ಖಾಸಗಿ ಸಂಸ್ಥೆಗಳು ಶಾಲೆಗಳಲ್ಲಿ ಶುಲ್ಕ ಪಡೆದು ನಡೆಸುವ 'ಒಲಿಂಪಿಯಾಡ್'ಗಳ ಚಿನ್ನದ ಪದಕಕ್ಕೆ ನವೋದಯ ಪ್ರವೇಶದಲ್ಲಿ ಒಂದು ಅಂಕದ ಬೆಲೆಯೂ ಇಲ್ಲ. ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಭಾರತದ ತಂಡವನ್ನು ಆರಿಸುವ ಸರಕಾರಿ ವ್ಯವಸ್ಥೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು, ಅದು ಪ್ರೌಢಶಾಲೆಯ ಮಕ್ಕಳಿಗೆ. ಐದನೇ ತರಗತಿಯಲ್ಲಿ ಪದಕ ಬಂದರೆ ಸಂತೋಷಪಡಲಿ, ಅದನ್ನು ಪ್ರವೇಶದ ದಾಖಲೆ ಎಂದುಕೊಳ್ಳುವುದು ಬೇಡ.

ನಿಜವಾಗಿ ಉಪಯೋಗಕ್ಕೆ ಬರುವುದು ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತಿನ ಸ್ಕಾಲರ್‌ಶಿಪ್ ಪರೀಕ್ಷೆ. ಒಟ್ಟು 300 ಅಂಕದಲ್ಲಿ ಗಣಿತಕ್ಕೆ 100, ಬುದ್ಧಿಮತ್ತೆಗೆ 100. ಮರಾಠಿ, ಉರ್ದು ಜೊತೆಗೆ ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಗಡಿಯ ಕನ್ನಡ ಶಾಲೆಗಳಿಗೆ ಇದು ದೊಡ್ಡ ಅನುಕೂಲ. ಇದರ ಅಂಕವನ್ನೂ ನವೋದಯ ನೋಡುವುದಿಲ್ಲ, ಆದರೆ ಒಂದಕ್ಕೆ ಮಾಡಿದ ತಯಾರಿ ಇನ್ನೊಂದಕ್ಕೆ ಆಗುತ್ತದೆ, ಮೆರಿಟ್ ಪಟ್ಟಿಗೆ ಬಂದರೆ ಸ್ಕಾಲರ್‌ಶಿಪ್ ಹಣವೂ ಸಿಗುತ್ತದೆ.

ಗಣಿತದಲ್ಲೇ ಮುಂದಿರುವ ಮಗುವಿಗೆ ಸೈನಿಕ ಶಾಲೆಯ ಪರೀಕ್ಷೆ ಹೆಚ್ಚು ಒಪ್ಪುತ್ತದೆ. ಅಲ್ಲಿ ಆರನೇ ತರಗತಿಯ 300 ಅಂಕದಲ್ಲಿ ಗಣಿತಕ್ಕೇ 150. ದೇಶದ ಮೊದಲ ಸೈನಿಕ ಶಾಲೆ 1961ರಲ್ಲಿ ಸಾತಾರಾದಲ್ಲೇ ಆರಂಭವಾಯಿತು. ಪ್ರಶ್ನೆಪತ್ರಿಕೆ ಉರ್ದು, ಮರಾಠಿ, ಕನ್ನಡದಲ್ಲೂ ಸಿಗುತ್ತದೆ, ಈಗ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಆದರೆ ನವೋದಯದಂತೆ ಅದು ಉಚಿತವಲ್ಲ, ಶುಲ್ಕ ಮತ್ತು ಸ್ಕಾಲರ್‌ಶಿಪ್ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಫಲಿತಾಂಶದ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಕಟಾಫ್' ಪಟ್ಟಿಗಳು ಹೆಚ್ಚಾಗಿ ಕೋಚಿಂಗ್‌ನವರ ಅಂದಾಜು. ಉತ್ತರ ಪತ್ರಿಕೆಗಳನ್ನು ಕಂಪ್ಯೂಟರ್ ತಿದ್ದುತ್ತದೆ, ಮರು ಮೌಲ್ಯಮಾಪನ ಇಲ್ಲ. ಆಯ್ಕೆಯಾದವರಲ್ಲಿ ಕೆಲವರು ಸೇರದೆ ಹೋದರೆ ಕಾಯುವ ಪಟ್ಟಿಯಿಂದ ಕರೆ ಬರುತ್ತದೆ, ಆದ್ದರಿಂದ ಮೊದಲ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಾಗದಪತ್ರ ಮೂಲೆಗೆ ಹಾಕಬಾರದು. ಅದೂ ಆಗಲಿಲ್ಲವೆಂದರೆ ಎಂಟನೇ ತರಗತಿಯಲ್ಲಿರುವಾಗ ಇನ್ನೊಂದು ಬಾಗಿಲಿದೆ. ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ನವೋದಯವೇ ಬೇರೆ ಪರೀಕ್ಷೆ ಮಾಡುತ್ತದೆ. ಅದರಲ್ಲಿ ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷ್ ಮತ್ತು ಹಿಂದಿಗೆ ತಲಾ 15 ಅಂಕ.