ಓಂ ಅಂದ್ರೆ ‘ಹೂಂ’

ಅಜ್ಜಿ ಕಥೆ ಹೇಳುವಾಗ ನೀವು ಹೂಂಗುಟ್ಟಿದ್ದು ನೆನಪಿದೆಯಾ? ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. “ನಿದ್ದೆ ಬಂತೇನೋ?” ಅಂತ ಕೇಳೋರು. ಆ ಹೂಂ ಇವತ್ತು ನಮಗೆ ಬೇಕು.

ಓಂ ಅಂದರೆ ಏನು ಅಂತ ಕೇಳಿದರೆ ಹೆಚ್ಚಿನವರು ಹೇಳೋದು: ಅಕಾರ, ಉಕಾರ, ಮಕಾರ, ಬ್ರಹ್ಮ, ವಿಷ್ಣು, ಮಹೇಶ್ವರ. ಸೂರ್ಯನಿಂದ ಓಂ ಶಬ್ದ ಬರುತ್ತೆ ಅಂತ ನಾಸಾ ಹೇಳಿದೆ ಅನ್ನೋ ವಾಟ್ಸಾಪ್ ವಿಡಿಯೋ ಕಳಿಸೋರೂ ಇದ್ದಾರೆ. (ನಾಸಾ ಹಾಗೆ ಹೇಳಿಲ್ಲ.) ಆದರೆ ಹಳೆಯ ಗ್ರಂಥಗಳಲ್ಲಿ ಈ ಅಕ್ಷರ ತುಂಬಾ ಸಾಮಾನ್ಯವಾದ ಒಂದು ಕೆಲಸ ಮಾಡುತ್ತಿತ್ತು. ‘ಹೌದು’ ಅನ್ನೋ ಕೆಲಸ.

ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣದಲ್ಲಿ ರಾಜಸೂಯ ಯಾಗದ ವಿವರ ಬರುತ್ತೆ. ಅಭಿಷೇಕವಾದ ರಾಜನಿಗೆ ಹೋತೃ ಎಂಬ ಪುರೋಹಿತ ಶುನಃಶೇಪನ ಕಥೆ ಹೇಳಬೇಕು. ಹಸಿವು ತಾಳಲಾರದೆ ತಂದೆಯೇ ಮಗನನ್ನು ಬಲಿಗೆ ಮಾರಿದ ಕಥೆ ಅದು. ಮಾರಾಟಕ್ಕೆ 100 ಹಸು, ಕಂಬಕ್ಕೆ ಕಟ್ಟೋಕೆ ಇನ್ನೂ 100, ಕಡಿಯೋಕೆ ಮತ್ತೆ 100! ಕಥೆ ಹೇಳುವವನು ಚಿನ್ನದ ಆಸನದ ಮೇಲೆ ಕೂರುತ್ತಾನೆ. ಎದುರಿಗೆ ಇನ್ನೊಂದು ಚಿನ್ನದ ಆಸನದ ಮೇಲೆ ಅಧ್ವರ್ಯು. ಅವನ ಕೆಲಸ ಹೂಂಗುಟ್ಟೋದು ಅಷ್ಟೇ. ಅದಕ್ಕೂ ನಿಯಮವಿದೆ ನೋಡಿ. ಋಕ್ಕು ಮುಗಿದಾಗ ‘ಓಂ’ ಅನ್ನಬೇಕು, ಗಾಥೆ ಮುಗಿದಾಗ ‘ತಥಾ’ ಅನ್ನಬೇಕು. ಮೊದಲನೆಯದು ದೇವತೆಗಳ ಹೌದು, ಎರಡನೆಯದು ಮನುಷ್ಯರ ಹೌದು ಅಂತ ಗ್ರಂಥವೇ ವಿವರಿಸುತ್ತೆ. ಸಂಭಾವನೆ ಕಥೆಗಾರನಿಗೆ 1000 ಹಸು, ಹೂಂ ಅಂದವನಿಗೆ 100. ನಮಗಂತೂ ಅಜ್ಜಿ ಒಂದು ಚಕ್ಕುಲಿಯನ್ನೂ ಕೊಡಲಿಲ್ಲ.

ಬೃಹದಾರಣ್ಯಕ ಉಪನಿಷತ್ತಿಗೆ ಬನ್ನಿ. ಜನಕನ ಸಭೆಯಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ, ದೇವರು ಎಷ್ಟು ಅಂತ. 3306 ಅನ್ನುತ್ತಾನೆ ಯಾಜ್ಞವಲ್ಕ್ಯ. ಶಾಕಲ್ಯ ‘ಓಂ’ ಅಂದು ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. 33. ‘ಓಂ’, ಮತ್ತೆ ಪ್ರಶ್ನೆ. 6, 3, 2, ಒಂದೂವರೆ, ಕೊನೆಗೆ 1. ಇಲ್ಲಿ ಶಾಕಲ್ಯ ಧ್ಯಾನ ಮಾಡ್ತಿಲ್ಲ. ‘ಸರಿ, ಆಯ್ತು, ಆಮೇಲೆ?’ ಅಂತಿದ್ದಾನೆ. ಛಾಂದೋಗ್ಯ ಉಪನಿಷತ್ತಂತೂ ಶುರುವಿನಲ್ಲೇ ಇದನ್ನು ಅನುಜ್ಞೆಯ ಅಕ್ಷರ ಅಂತ ಕರೆಯುತ್ತೆ. ಅಂದರೆ ಒಪ್ಪಿಗೆಯ, ಅನುಮತಿಯ ಅಕ್ಷರ.

ಇಲ್ಲೊಂದು ಕುತೂಹಲದ ವಾದ. ಫಿನ್ಲೆಂಡಿನ ವಿದ್ವಾಂಸ ಆಸ್ಕೋ ಪರ್ಪೋಲಾ 1981ರಲ್ಲಿ ಬರೆದ ಲೇಖನದಲ್ಲಿ, ಓಂ ದ್ರಾವಿಡ ಮೂಲದ್ದಿರಬಹುದು, ತಮಿಳಿನಲ್ಲಿ ಹೌದು ಅನ್ನೋಕೆ ಬಳಸುವ ‘ಆಮ್’ಗೆ ಸಂಬಂಧಪಟ್ಟಿರಬಹುದು ಅಂದರು. ಎಲ್ಲರೂ ಒಪ್ಪಿಲ್ಲ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ‘ಆಮ್’ ಹುಟ್ಟಿದ್ದು ‘ಆಗು’ ಧಾತುವಿನಿಂದ. ನಮ್ಮ ‘ಅಹುದು’, ಅದು ಸವೆದು ಆದ ‘ಹೌದು’ ಕೂಡ ಅದೇ ಧಾತುವಿನದು. ವಾದ ನಿಜವಾದರೆ, ದಿನಕ್ಕೆ ನೂರು ಸಲ ನಾವು ಅನ್ನೋ ‘ಹೌದು’ ಓಂಕಾರದ ದೂರದ ನೆಂಟ.

ಹಾಗಾದರೆ ಅ-ಉ-ಮ ಸುಳ್ಳಾ? ಅಲ್ಲ. ಅಕ್ಷರವನ್ನು ಮೂರಾಗಿ ಬಿಡಿಸೋದು ಐತರೇಯ ಬ್ರಾಹ್ಮಣದಲ್ಲೇ ಇದೆ. ಮಾಂಡೂಕ್ಯ ಉಪನಿಷತ್ತು ಬರೀ 12 ಮಂತ್ರಗಳಲ್ಲಿ ಅದನ್ನು ಎಚ್ಚರ, ಕನಸು, ಗಾಢನಿದ್ರೆಗೆ ಜೋಡಿಸಿ, ಅಕ್ಷರವೇ ಇಲ್ಲದ ನಾಲ್ಕನೆಯದರ ಕಡೆಗೆ ಕೈ ತೋರಿಸುತ್ತೆ. ತ್ರಿಮೂರ್ತಿಗಳ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು.

ಆದರೆ ಇನ್ನೊಂದು ಸಂಗತಿಯೂ ಆಮೇಲೆ ಬಂದು ಸೇರಿತು, ಅದನ್ನು ಸುಮ್ಮನೆ ದಾಟಿ ಹೋಗೋಕೆ ಮನಸ್ಸಿಲ್ಲ. ನೃಸಿಂಹಪೂರ್ವತಾಪನೀಯ ಅನ್ನೋ ಈಚಿನ ಉಪನಿಷತ್ತು, ಹೆಂಗಸರಿಗೂ ಶೂದ್ರರಿಗೂ ಪ್ರಣವ ಸಲ್ಲದು ಅನ್ನುತ್ತೆ. ಅನುಮತಿ ಕೊಡೋ ಅಕ್ಷರವನ್ನು ಉಚ್ಚರಿಸೋಕೇ ಅನುಮತಿ ಬೇಕಾಯಿತು!

ಎಲ್ಲರೂ ಸುಮ್ಮನಿರಲಿಲ್ಲ. ಮುಂದೆ ಮೇಲುಕೋಟೆಗೆ ಬಂದ ರಾಮಾನುಜರ ಕಥೆ ನಿಮಗೆ ಗೊತ್ತಿರುತ್ತೆ. ಗುಟ್ಟಾಗಿಡು ಅಂತ ಗುರು ಕೊಟ್ಟ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ಗೋಪುರ ಹತ್ತಿ ಎಲ್ಲರಿಗೂ ಸಾರಿದರಂತೆ. ಜನ ಹೇಳಿಕೊಂಡು ಬಂದ ಕಥೆಯಲ್ಲಿ ಅದು ಅಷ್ಟಾಕ್ಷರಿ, ಓಂ ಇಂದಲೇ ಶುರುವಾಗೋದು. ನಡೆದದ್ದು ಹಾಗೇನಾ ಅನ್ನೋದಕ್ಕಿಂತ, ಜನ ಆ ಕಥೆಯನ್ನು ಇಷ್ಟು ಕಾಲ ಬಿಡದೆ ಹೇಳಿದ್ದಾರೆ ಅನ್ನೋದು ನನಗೆ ಮುಖ್ಯ. ಲಿಂಗದೀಕ್ಷೆಯಲ್ಲಿ ಹೆಣ್ಣುಮಕ್ಕಳ ಕಿವಿಗೂ ಮಂತ್ರ ಬಿತ್ತು. ‘ನಮಃ ಶಿವಾಯ’ಕ್ಕೆ ಓಂ ಸೇರಿದರೆ ಅದೇ ಷಡಕ್ಷರಿ.

‘ಹೆಂಗಸರು ಓಂ ಹೇಳಬಾರದು’ ಅನ್ನೋ ಮಾತನ್ನು ನಿಮ್ಮ ಮನೆಯಲ್ಲಿ ಕೇಳಿದ್ದೀರಾ? ಯಾರು ಹೇಳಿದ್ದು, ಯಾರಿಗೆ? ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಕೆಳಗೆ ಬರೀರಿ. ಎಲ್ಲವನ್ನೂ ಓದ್ತೀನಿ.

ಮುಂದಿನ ಕಂತು: ನಮ್ಮ ಶಾಸನಗಳ ಮೊದಲ ಪದ, ‘ಸ್ವಸ್ತಿ’.