ಪಲ್ಟಣಿಗೆ ಹೋದವರು

ಉಗಾರ ಖುರ್ದದ ನಿಲ್ದಾಣದಲ್ಲಿ ಬೆಳಗಾವಿಯ ಗಾಡಿಗೆ ಕಾಯುವಾಗಲೆಲ್ಲ ನನಗೆ ಒಂದೇ ಯೋಚನೆ. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು ಇದು. ಆ ಕಂಪನಿ ಹುಟ್ಟಿದ್ದು 1939ರಲ್ಲಿ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಹೊತ್ತಿಕೊಂಡದ್ದೂ ಅದೇ ವರ್ಷ. ಕಬ್ಬಿನ ಲೆಕ್ಕವನ್ನು ಇಲ್ಲಿ ಎಲ್ಲರೂ ಬಲ್ಲರು. ಇದೇ ಹಾದಿಯಲ್ಲಿ ಕೃಷ್ಣೆಯ ಸೇತುವೆ ದಾಟಿ, ಕುಡಚಿ, ರಾಯಬಾಗ, ಘಟಪ್ರಭೆಗಳನ್ನು ಹಿಂದೆ ಹಾಕಿ ಬೆಳಗಾವಿಯ ಪಲ್ಟಣಿಗೆ ಸೇರಿದವರ ಲೆಕ್ಕವನ್ನು ಮಾತ್ರ ನಾವು ಇಟ್ಟುಕೊಳ್ಳಲಿಲ್ಲ.

ನಾನು ಹೇಳುತ್ತಿರುವುದು ಮರಾಠಾ ಲಘು ಪದಾತಿ ದಳದ ಮಾತು. ಅದರ ಅತಿ ಹಳೆಯ ಪಲ್ಟಣಿನ ಹುಟ್ಟು 1768ರಷ್ಟು ಹಿಂದಿನದು. 1922ರಲ್ಲಿ ಸೈನ್ಯದ ಪುನರ್ರಚನೆಯಾದಾಗ ಅದರ ತರಬೇತಿ ಬೆಳಗಾವಿಯಲ್ಲಿ ನೆಲೆಯೂರಿತು. ಇಂದಿಗೂ ಅಲ್ಲಿಯೇ ಇದೆ. ಹೆಸರು ಮರಾಠಾ ಎಂದಿದ್ದರೂ ಗಡಿಯ ಈಚೆಗಿನ ನಮ್ಮವರೂ ಅದರಲ್ಲಿ ಸೇರುತ್ತ ಬಂದಿದ್ದಾರೆ.

ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ ಸೇನೆಗೆ ಸೇರಿದವರು ಸುಮಾರು 25 ಲಕ್ಷ. ಕಡ್ಡಾಯ ಭರ್ತಿ ಇರಲಿಲ್ಲ. ಎಲ್ಲರೂ ತಾವಾಗಿ ಬಂದವರು ಎಂದು ಇತಿಹಾಸ ಹೆಮ್ಮೆಯಿಂದ ಬರೆಯುತ್ತದೆ. ಈ ‘ತಾವಾಗಿ’ ಎಂಬ ಮಾತಿನ ಹತ್ತಿರ ನನಗೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಮಳೆ ಕೈಕೊಟ್ಟ ಹೊಲ, ತೀರದ ಸಾಲ, ತಿಂಗಳು ತಿಂಗಳು ಮನೆಗೆ ಬರುವ ಮನಿಯಾರ್ಡರು: ಇವೂ ಒಂದು ಬಗೆಯ ಭರ್ತಿ ಅಧಿಕಾರಿಗಳೇ ಅಲ್ಲವೆ? 1942ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ತರುಣರು ‘ಚಲೇಜಾವ್’ ಎಂದು ಸೆರೆಮನೆ ಸೇರಿದರು. ಅದೇ ಕಾಲಕ್ಕೆ, ಅವರ ಓರಗೆಯವರೇ ಖಾಕಿ ತೊಟ್ಟು ಹಡಗು ಹತ್ತಿದರು. ಮೊದಲಿನವರಿಗೆ ತಾಮ್ರಪಟ ದೊರೆಯಿತು, ದೊರೆಯಲೇಬೇಕಾದದ್ದು. ಎರಡನೆಯವರನ್ನು ಕೂಲಿ ಸಿಪಾಯಿಗಳೆಂದು ಹಗುರವಾಗಿ ಕರೆದುಬಿಟ್ಟೆವು. ಹಾಗೆ ಕರೆದವರಲ್ಲಿ ನಾನೂ ಒಬ್ಬ.

ಇಟಲಿಯ ಸೆನಿಯೊ ನದಿಯ ಕಥೆ ಓದಿದ ಮೇಲೆ ಆ ಮಾತು ನನ್ನ ಬಾಯಿಗೆ ಬಂದಿಲ್ಲ. ಸೆನಿಯೊ ನಮ್ಮ ಕೃಷ್ಣೆಯ ಮುಂದೆ ಒಂದು ಹಳ್ಳ. ಆದರೆ ಪ್ರವಾಹ ತಡೆಯಲು ಎರಡೂ ಕಡೆ ಎತ್ತರದ ಏರಿ ಕಟ್ಟಿದ್ದಾರೆ. ಏರಿಯಲ್ಲಿ ಜರ್ಮನರ ಮಷೀನ್‌ಗನ್ನುಗಳು, ಅದರಾಚೆ ಈಚೆ ಹೂತಿಟ್ಟ ಸಿಡಿಮದ್ದು. 1945ರ ಏಪ್ರಿಲ್ 9ರಂದು ಒಂದನೆಯ ಪಲ್ಟಣಿನ ಒಂದು ಚಿಕ್ಕ ತಂಡ ಅಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಸುದ್ದಿ ಒಯ್ಯುವ ಕೆಲಸದ ಸಿಪಾಯಿ ನಾಮದೇವ ಜಾಧವ ಗಾಯಾಳುಗಳಿಬ್ಬರನ್ನು, ಒಬ್ಬೊಬ್ಬರಾಗಿ, ಹೊತ್ತು ಆಳದ ನೀರು ದಾಟಿ, ಕಡಿದಾದ ದಂಡೆ ಏರಿ, ಸಿಡಿಮದ್ದಿನ ನೆಲದಿಂದ ಹೊರತಂದ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಮರಳಿ ಹೋದ, ಮೂರು ಮಷೀನ್‌ಗನ್ ನೆಲೆಗಳನ್ನು ಅಡಗಿಸಿದ. ಕೈಗೆ ಗುಂಡು ತಗಲಿ ಬಂದೂಕು ಹಿಡಿಯಲಾಗದಾಗ ಕೈಬಾಂಬು ಎಸೆದ. ಆಮೇಲೆ ಏರಿಯ ನೆತ್ತಿಯ ಮೇಲೆ ನಿಂತು, ರಣಘೋಷ ಮಾಡಿ, ಉಳಿದವರನ್ನು ಕೈಬೀಸಿ ಕರೆದ. ವಿಕ್ಟೋರಿಯಾ ಕ್ರಾಸ್ ಬಂತು, ಬದುಕಿಯೂ ಬಂದ.

ನಾಯಕ್ ಯಶವಂತ ಘಾಡಗೆ ಬರಲಿಲ್ಲ. ಮೂರನೆಯ ಪಲ್ಟಣಿನವನು, ವಯಸ್ಸು 22. 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ತನ್ನ ತುಕಡಿಯವರೆಲ್ಲ ಬಿದ್ದ ಮೇಲೆ ಒಬ್ಬನೇ ಶತ್ರುವಿನ ನೆಲೆಗೆ ನುಗ್ಗಿದ. ಗುಂಡು ತುಂಬಲು ಪುರಸೊತ್ತಿಲ್ಲದೆ ಕೊನೆಯ ಇಬ್ಬರನ್ನು ಬಂದೂಕಿನ ಹಿಡಿಯಿಂದಲೇ ಹೊಡೆದುರುಳಿಸಿದ. ನೆಲೆ ಕೈಸೇರಿತು, ಮರೆಯಲ್ಲಿದ್ದವರ ಗುಂಡು ಅವನನ್ನು ಕೆಡವಿತು. ಅವನಿಗೂ ಅದೇ ಪದಕ ಬಂತು. ಅವನಿಗೆ ಗುರುತಿನ ಗೋರಿಯಿಲ್ಲ. ಕ್ಯಾಸಿನೊ ಊರಿನ ಸ್ಮಾರಕದಲ್ಲಿ, ಗೋರಿ ಸಿಗದ ಸಾವಿರಾರು ಜನರ ನಡುವೆ, ಹೆಸರು ಮಾತ್ರ ಕೊರೆದಿದ್ದಾರೆ.